‘ಓದದಿದ್ದರೆ ಗ್ಯಾರೇಜಿಗೆ ಹೋಗು’ ಎನ್ನುವ ಮೊದಲು

ನಮ್ಮ ಕಾಲೇಜಿನ ಹುಡುಗರಲ್ಲಿ ಈ ಮಾತು ಕೇಳದವರು ಯಾರೂ ಇರಲಾರರು: “ಹೀಗೇ ಓದ್ತಾ ಇದ್ರೆ ಗ್ಯಾರೇಜಲ್ಲಿ ಸ್ಪ್ಯಾನರ್ ಹಿಡೀಬೇಕಾಗುತ್ತೆ ನೋಡು.” ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗ ತರಗತಿಯಲ್ಲಿ ಕೇಳಿದ್ದೇವೆ. ಬೆಳಿಗ್ಗೆ ತಡವಾಗಿ ಎದ್ದಾಗ ಮನೆಯಲ್ಲಿ ಕೇಳಿದ್ದೇವೆ. ನನ್ನ ಅಮ್ಮಿಯೂ ಇದನ್ನೇ ಹೇಳುತ್ತಾರೆ. ಅವರ ಸ್ವಂತ ತಮ್ಮನೇ ಗ್ಯಾರೇಜು ನಡೆಸುತ್ತಾರೆ, ಆದರೂ ಹೇಳುತ್ತಾರೆ.

ನಾನೂ ಈ ಮಾತಿಗೆ ಬಹಳ ದಿನ ನಕ್ಕಿದ್ದೇನೆ. ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ಓಮ್ನಿಯ ಇಂಜಿನ್ನನ್ನು ಮಾಮು ಜೊತೆ ಬಿಚ್ಚಿ ಮತ್ತೆ ಜೋಡಿಸಿದ ಮೇಲೆ ನಗಲು ಆಗುತ್ತಿಲ್ಲ. ಯಾಕೆ ಎಂದು ಹೇಳುವುದಕ್ಕೇ ಈ ಲೇಖನ ಬರೆಯುತ್ತಿದ್ದೇನೆ. ಗುರುಗಳು ಇದನ್ನು ದೂರು ಎಂದುಕೊಳ್ಳಬಾರದು, ವಿನಂತಿ ಎಂದುಕೊಳ್ಳಬೇಕು.

ಮೊದಲು ನಡೆದದ್ದನ್ನು ಹೇಳುತ್ತೇನೆ. ನಮ್ಮ ಮನೆ ಶ್ರವಣಬೆಳಗೊಳದಲ್ಲಿದೆ. ಅಬ್ಬಾ ಹಳದಿ ಬೋರ್ಡಿನ ಓಮ್ನಿ ಓಡಿಸುತ್ತಾರೆ. ಬೆಟ್ಟ ಹತ್ತಿ ಇಳಿದ ಯಾತ್ರಿಕರು ಹಳೇಬೀಡಿನ ಬಸದಿ, ಧರ್ಮಸ್ಥಳ, ವೇಣೂರು, ಕಾರ್ಕಳ, ಮೂಡುಬಿದಿರೆ ಎಂದು ಮುಂದಕ್ಕೆ ಹೋಗುತ್ತಾರೆ. ಅವರನ್ನು ಕರೆದುಕೊಂಡು ಹೋಗಿ ಬರುವುದೇ ನಮ್ಮ ಮನೆಯ ಸಂಪಾದನೆ. ಏಪ್ರಿಲ್‌ನಲ್ಲಿ ಒಂದು ದಿನ ಧರ್ಮಸ್ಥಳದಿಂದ ಹಿಂದಿರುಗುವಾಗ ಶಿರಾಡಿ ಘಾಟಿ ಹತ್ತುತ್ತಿದ್ದಂತೆ ರೇಡಿಯೇಟರ್‌ನ ಹಳೆಯ ಪೈಪು ಒಡೆದು ನೀರೆಲ್ಲ ಸೋರಿಹೋಯಿತು. ಮೀಟರಿನ ಮುಳ್ಳು ಏರಿದ್ದನ್ನು ಅಬ್ಬಾ ಗಮನಿಸುವ ಹೊತ್ತಿಗೆ ತಡವಾಗಿತ್ತು. ಯಾತ್ರಿಕರನ್ನು ಬಸ್ಸು ಹತ್ತಿಸಿ, ಗಾಡಿಯನ್ನು ಮಾರನೇ ದಿನ ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದರು.

ಮಾಮು ಇಂಜಿನ್ ಆಯಿಲಿನ ಕಡ್ಡಿ ಎಳೆದು ನೋಡಿದರು. ಆಯಿಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. “ನೀರು ಒಳಗೆ ಹೋಗಿದೆ. ಹೆಡ್ ಇಳಿಸಬೇಕು. ಇಳಿಸಿದ ಮೇಲೆ ಇನ್ನೇನು ಕಾಣುತ್ತೋ ಅಲ್ಲಾಹ್‌ಗೆ ಗೊತ್ತು” ಅಂದರು. ಅವರ ಹತ್ತಿರ ಕೆಲಸಕ್ಕಿದ್ದ ಅಣ್ಣ ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದರು. ಗಾಡಿ ನಿಂತ ಪ್ರತಿದಿನವೂ ನಮ್ಮ ಮನೆಗೆ ನಷ್ಟ. ಹಾಗಾಗಿ ನಾನು ಹೋದೆ.

ಓಮ್ನಿಯ ಇಂಜಿನ್ ಮುಂದಿನ ಸೀಟಿನ ಕೆಳಗಿರುತ್ತದೆ. ಅದನ್ನು ಕೆಳಕ್ಕೆ ಇಳಿಸಿ, ಗಾಡಿಯನ್ನು ಮೇಲಕ್ಕೆ ಎತ್ತಿ ಹೊರಗೆ ಎಳೆಯಬೇಕು. 796 ಸಿಸಿ, ಮೂರು ಸಿಲಿಂಡರು. ಮಾರುತಿ 800ರಲ್ಲಿದ್ದದ್ದೂ ಇದೇ ಅಳತೆಯ ಇಂಜಿನ್. 1984ರಿಂದ 2019ರವರೆಗೆ ಈ ವ್ಯಾನು ತಯಾರಾಯಿತು. ನಮ್ಮ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ತರಕಾರಿಗೋ, ಶಾಲೆ ಮಕ್ಕಳಿಗೋ, ಮದುವೆಗೋ ಒಂದು ಓಮ್ನಿ ಓಡಾಡುತ್ತಿರುತ್ತದೆ. ಇಷ್ಟು ದಿನ ಅದರ ಸೀಟಿನ ಮೇಲೆ ಕುಳಿತವನು ಕೆಳಗೆ ಏನಿದೆ ಎಂದು ಮೊದಲ ಸಲ ನೋಡಿದೆ.

ಬಿಚ್ಚುವುದು ಸುಲಭ. ಒಂದೇ ದಿನದಲ್ಲಿ ಟೈಮಿಂಗ್ ಬೆಲ್ಟ್, ಹೆಡ್, ಕೆಳಗಿನ ಚೇಂಬರ್, ಪಿಸ್ಟನ್‌ಗಳು ಎಲ್ಲ ಹೊರಗೆ ಬಂದವು. ಎರಡು ಸಿಲಿಂಡರುಗಳ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟು ತೂತಾಗಿತ್ತು. ಮಾಮು ಹೆಡ್ಡಿನ ಮೇಲೆ ಸ್ಟೀಲ್ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದು ತೋರಿಸಿದರು. ಪಟ್ಟಿಯ ಅಡಿಯಲ್ಲಿ ಸಣ್ಣ ಗೆರೆಯಂತೆ ಬೆಳಕು ಕಂಡಿತು. ಹೆಡ್ ಅಲ್ಯೂಮಿನಿಯಮ್ಮಿನದು. ಬಿಸಿಯಾದಾಗ ಅದು ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ಬೋಲ್ಟು ಬಿಗಿದಿರುವುದರಿಂದ ಹಿಗ್ಗಲು ಜಾಗವಿಲ್ಲದೆ ಸೊಟ್ಟಗಾಗುತ್ತದೆ. ಆ ಗೆರೆಯಷ್ಟು ಬೆಳಕೇ ನಮ್ಮ ಮನೆಯ ಸಂಪಾದನೆಯನ್ನು ನಿಲ್ಲಿಸಿತ್ತು.

ಆಮೇಲೆ ಮಾಮು ನನ್ನ ಬೆರಳು ಹಿಡಿದು ಸಿಲಿಂಡರಿನ ಒಳಗೋಡೆಯ ಮೇಲೆ ಸವರಿಸಿದರು. ಮೇಲ್ಭಾಗಕ್ಕೆ ಬಂದಾಗ ಉಗುರು ಒಂದು ಅಂಚಿಗೆ ತಗುಲಿ ನಿಂತಿತು. ಪಿಸ್ಟನ್ನಿನ ರಿಂಗು ಮೇಲೆ ಹೋಗಿ ಹಿಂದಿರುಗುವ ಜಾಗದಲ್ಲಿ ಸಿಲಿಂಡರು ಹೆಚ್ಚು ಸವೆಯುತ್ತದೆ. ಅದಕ್ಕೂ ಮೇಲೆ ರಿಂಗು ಮುಟ್ಟದ ಕಡೆ ಸವೆಯುವುದೇ ಇಲ್ಲ. ಆದ್ದರಿಂದ ಅಲ್ಲಿ ಅಂಚು ಉಳಿಯುತ್ತದೆ. “ಇದೇ ಸವಕಳಿ” ಅಂದರು.

ನನಗೆ ನಗು ಬಂತು. ಲೆಕ್ಕಶಾಸ್ತ್ರದಲ್ಲಿ ಒಂದು ವರ್ಷ ಪೂರ್ತಿ ಸವಕಳಿ ಕಳೆದವನು ನಾನು. ಯಂತ್ರೋಪಕರಣದ ಮೇಲೆ ಶೇಕಡಾ ಹತ್ತು ಸವಕಳಿ ಕಳೆಯಿರಿ ಎಂದರೆ ಕಣ್ಣು ಮುಚ್ಚಿಕೊಂಡು ಕಳೆಯುತ್ತಿದ್ದೆ. ಸವಕಳಿ ಎಂದರೆ ಉಗುರಿಗೆ ಸಿಗುವ ವಸ್ತು ಎಂದು ಅವತ್ತೇ ಗೊತ್ತಾಗಿದ್ದು. ಅದು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ ಎಂದೂ ಗೊತ್ತಾಯಿತು.

ಬ್ಲಾಕನ್ನೂ ಹೆಡ್ಡನ್ನೂ ಹಾಸನದ ಲೇತ್ ಅಂಗಡಿಗೆ ಹಾಕಿದೆವು. ಹೆಡ್ಡಿನ ಮುಖ ನೇರ ಮಾಡಿದರು. ಸಿಲಿಂಡರಿನ ಮೂಲ ಅಳತೆ 68.5 ಮಿಲಿಮೀಟರು. ಅದನ್ನು ಅರ್ಧ ಮಿಲಿಮೀಟರು ದೊಡ್ಡದು ಮಾಡಿ, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡುವ ಜಾಗ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಇಂಜಿನ್ ಕಚ್ಚಿಕೊಂಡು ನಿಲ್ಲುತ್ತದೆ. ಇಷ್ಟು ನಾಜೂಕಿನ ಲೆಕ್ಕವನ್ನು ನಾವು ‘ಓದು ಹತ್ತದವರ ಕೆಲಸ’ ಎನ್ನುತ್ತೇವೆ.

ಈಗ ನನ್ನ ತಪ್ಪಿನ ವಿಷಯ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡಿನ ಕೆಳಗಡೆ ಒಂದು ಕ್ಯಾಪ್ ಇರುತ್ತದೆ. ರಾಡು ಮತ್ತು ಕ್ಯಾಪ್ ಎರಡನ್ನೂ ಒಟ್ಟಿಗೆ ಸೇರಿಸಿ ಕೊರೆದಿರುತ್ತಾರೆ. ಒಂದರ ಕ್ಯಾಪು ಇನ್ನೊಂದಕ್ಕೆ ಹೊಂದುವುದಿಲ್ಲ. ಬಿಚ್ಚುವಾಗ ಪ್ರತಿಯೊಂದಕ್ಕೂ ಗುರುತು ಹಾಕಿ ಇಡು ಎಂದು ಮಾಮು ಹೇಳಿದ್ದರು. ಮೂರೇ ಇವೆ, ನೆನಪಿರುತ್ತದೆ ಎಂದುಕೊಂಡು ನಾನು ಹಾಕಲಿಲ್ಲ. ಜೋಡಿಸುವಾಗ ಎರಡನೆಯದನ್ನು ಮೂರನೆಯದಕ್ಕೂ ಮೂರನೆಯದನ್ನು ಎರಡನೆಯದಕ್ಕೂ ಹಾಕಿಬಿಟ್ಟೆ. ಒಂದೊಂದು ಕ್ಯಾಪು ಬಿಗಿದ ಮೇಲೂ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಬೇಕು ಎಂಬ ನಿಯಮವನ್ನೂ ಬಿಟ್ಟು, ಮೂರನ್ನೂ ಬಿಗಿದು ಆಮೇಲೆ ತಿರುಗಿಸಲು ಹೋದೆ. ಅಲ್ಲಾಡಲಿಲ್ಲ. ಉದ್ದನೆಯ ರಾಡು ಹಾಕಿ ಜೋರಾಗಿ ತಿರುಗಿಸಲು ಹೊರಟಾಗ ಮಾಮು ದೂರದಿಂದಲೇ ಕೂಗಿದರು: “ಜೋರ್ ನಕ್ಕೋ ರೇ!” ಬಲ ಹಾಕಬೇಡ ಎಂದು.

ಅವರು ಬೈಯಲಿಲ್ಲ. ಹತ್ತಿರ ಬಂದು ಕೈಯಿಂದ ಒಮ್ಮೆ ಮುಟ್ಟಿ ನೋಡಿ, “ಕಬ್ಬಿಣ ಸುಳ್ಳು ಹೇಳಲ್ಲ ಬೇಟಾ. ಎಲ್ಲಿ ತಪ್ಪಾಗಿದೆ ಅಂತ ನೀನೇ ಹುಡುಕು” ಎಂದು ಹೇಳಿ ಟೀ ಕುಡಿಯಲು ಹೋದರು. ಎಲ್ಲ ಬಿಚ್ಚಿ, ಸೀಮೆಎಣ್ಣೆಯಲ್ಲಿ ಒರೆಸಿ, ರಾಡಿನ ಪಕ್ಕದಲ್ಲಿದ್ದ ಸಣ್ಣ ಗುರುತುಗಳನ್ನು ಟಾರ್ಚ್ ಹಾಕಿ ಓದಿ ಸರಿ ಮಾಡುವಷ್ಟರಲ್ಲಿ ಮೂರು ಗಂಟೆಯಾಯಿತು. ಪರೀಕ್ಷೆಯಲ್ಲಿ ತಪ್ಪು ಬರೆದರೆ ಎರಡು ಅಂಕ ಹೋಗುತ್ತದೆ, ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಇಲ್ಲಿ ತಪ್ಪನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಹೋದರೆ ಅಬ್ಬಾ ಮತ್ತೆ ಯಾವುದೋ ಘಾಟಿಯಲ್ಲಿ ಯಾತ್ರಿಕರ ಸಮೇತ ನಿಂತಿರುತ್ತಾರೆ.

ಅಲ್ಲಿಂದ ಮುಂದೆ ನಾನು ಒಂದು ಹಾಳೆ ಇಟ್ಟುಕೊಂಡೆ. ಯಾವ ಬೋಲ್ಟು ಎಲ್ಲಿಯದು, ರಿಂಗುಗಳ ಬಾಯಿ ಒಂದರ ನೇರಕ್ಕೆ ಒಂದು ಬಾರದಂತೆ ಎತ್ತೆತ್ತ ತಿರುಗಿಸಿದ್ದೇವೆ, ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಗಡೆಗೆ ಯಾವ ಕ್ರಮದಲ್ಲಿ ಹಂತಹಂತವಾಗಿ ಬಿಗಿದೆವು, ಪ್ಲಗ್ಗುಗಳು ಕಿಡಿ ಹಾರಿಸುವ ಕ್ರಮ ಒಂದು–ಮೂರು–ಎರಡು, ಹೀಗೆ ಎಲ್ಲ ಬರೆದೆ. ಏಳನೇ ದಿನ ಸಂಜೆ ಇಂಜಿನ್ ಗಾಡಿಯೊಳಗೆ ಕುಳಿತಿತು. ಮೊದಲು ಪ್ಲಗ್ ತೆಗೆದು, ಆಯಿಲಿನ ಕೆಂಪು ದೀಪ ಆರುವವರೆಗೆ ಸೆಲ್ಫ್ ಹೊಡೆದೆವು. ಆಮೇಲೆ ಪ್ಲಗ್ ಹಾಕಿ ಅಬ್ಬಾ ಬಿಸ್ಮಿಲ್ಲಾ ಹೇಳಿ ಕೀಲಿ ತಿರುಗಿಸಿದರು. ಮೂರನೇ ಸಲಕ್ಕೆ ಶುರುವಾಯಿತು. ಸ್ವಲ್ಪ ಹೊತ್ತು ಹೊಗೆ ಬಂತು. ಜೋಡಿಸುವಾಗ ಹಚ್ಚಿದ ಎಣ್ಣೆ ಸುಡುತ್ತಿದೆ, ಗಾಬರಿಯಾಗಬೇಡ ಎಂದರು ಮಾಮು. ಆಮೇಲೆ ಹೊಗೆ ನಿಂತಿತು. ಅಬ್ಬಾ ಏನೂ ಮಾತಾಡಲಿಲ್ಲ, ಸೀಟಿನ ಮೇಲೆ ಕೈ ಇಟ್ಟುಕೊಂಡು ಆ ಸದ್ದನ್ನೇ ಕೇಳುತ್ತಾ ಕುಳಿತಿದ್ದರು.

ಇಲ್ಲಿಗೆ ಇಂಜಿನ್ನಿನ ಕಥೆ ಮುಗಿಯಿತು. ನಾನು ಹೇಳಬೇಕೆಂದಿರುವುದು ಇದರ ನಂತರದ ಲೆಕ್ಕದ ವಿಷಯ.

ನಮ್ಮಿಂದ ಮಾಮು ಕೂಲಿ ತೆಗೆದುಕೊಳ್ಳಲಿಲ್ಲ. ಬೇರೆಯವರಾಗಿದ್ದರೆ ಎಷ್ಟಾಗುತ್ತಿತ್ತು ಎಂದು ಕೇಳಿದ್ದಕ್ಕೆ ತಮ್ಮ ಜೇಬಿನ ಡೈರಿ ಕೊಟ್ಟರು. ಅದರಲ್ಲಿ ಹಿಂದೆ ಮಾಡಿದ್ದ ಇಂಥದ್ದೇ ಒಂದು ಕೆಲಸದ ಲೆಕ್ಕವಿತ್ತು. ಸಾಮಾನು 12,350 ರೂಪಾಯಿ. ಲೇತ್ ಕೆಲಸ 3,800. ಆಯಿಲು, ಕೂಲೆಂಟು ಇತ್ಯಾದಿ 1,650. ಕೂಲಿ 6,000 ಎಂದು ಬರೆದು, ಹೊಡೆದು ಹಾಕಿ, 4,500 ಎಂದು ಬರೆದಿತ್ತು. ಗಿರಾಕಿ ಚೌಕಾಸಿ ಮಾಡಿದರಂತೆ. ಇಬ್ಬರು ಏಳು ದಿನ ಮಾಡಿದ ಕೆಲಸ ಅದು, ಅಂದರೆ 14 ಆಳಿನ ದಿನಗಳು. 4,500ನ್ನು 14ರಿಂದ ಭಾಗಿಸಿದರೆ ದಿನಕ್ಕೆ ಒಬ್ಬರಿಗೆ 321 ರೂಪಾಯಿ. ಅಂಗಡಿ ಬಾಡಿಗೆ, ಕರೆಂಟು ಬಿಲ್ಲು ಇದರಲ್ಲೇ ಆಗಬೇಕು.

ನಾನು ಡೈರಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಪುಟಪುಟದಲ್ಲೂ ಅದೇ ಕಥೆ. ಸಾಮಾನಿನ ಬೆಲೆಯನ್ನು ಯಾರೂ ಹೊಡೆದು ಹಾಕಿಸಿಲ್ಲ. ಎಲ್ಲರೂ ಹೊಡೆದು ಹಾಕಿಸಿದ್ದು ಕೂಲಿಯನ್ನೇ. ಯಾಕೆಂದರೆ ಪಿಸ್ಟನ್ನಿನ ಡಬ್ಬದ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ. ಅದನ್ನು ಕೂದಲೆಳೆಯ ಲೆಕ್ಕದಲ್ಲಿ ಕೂರಿಸುವ ಕೈಯ ಮೇಲೆ ಎಂಆರ್‌ಪಿ ಅಚ್ಚಾಗಿರುವುದಿಲ್ಲ. “ಅಷ್ಟೆಲ್ಲಾ ಯಾಕಪ್ಪಾ, ಏನ್ ಮಹಾ ಕೆಲಸ” ಎಂದು ಗಿರಾಕಿ ಕೇಳುತ್ತಾನೆ. ಆ ಮಾತು ಅವನಿಗೆ ಎಲ್ಲಿಂದ ಬಂತು? ‘ಓದದಿದ್ದರೆ ಗ್ಯಾರೇಜು’ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವನಿಗೆ ಗ್ಯಾರೇಜಿನ ಕೆಲಸಕ್ಕೆ ವಿದ್ಯೆ ಬೇಕು ಎಂದು ಹೇಗೆ ಹೊಳೆಯಬೇಕು? ತರಗತಿಯಲ್ಲಿ ನಾವು ನಕ್ಕ ಮಾತೇ ಮುಂದೆ ಡೈರಿಯಲ್ಲಿ 1,500 ರೂಪಾಯಿಯಾಗಿ ಕಳೆದುಹೋಗುತ್ತದೆ. ಇದು ನನ್ನ ಮೊದಲ ಮಾತು.

ನಮ್ಮ ಊರಿನದೇ ಒಂದು ಉದಾಹರಣೆ ಕೊಡುತ್ತೇನೆ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಹೋದರೆ ಗೊಮ್ಮಟನ ಪಾದದ ಪಕ್ಕ ಶಾಸನಗಳಿವೆ. ಕನ್ನಡ, ತಮಿಳು, ಮರಾಠಿ ಮೂರು ಭಾಷೆಗಳಲ್ಲೂ ಇವೆ. ಚಾವುಂಡರಾಯ ಈ ಮೂರ್ತಿಯನ್ನು ‘ಮಾಡಿಸಿದ’ ಎಂದಿದೆ. ಸುತ್ತಾಲಯವನ್ನು ಗಂಗರಾಜ ‘ಮಾಡಿಸಿದ’ ಎಂದಿದೆ. ‘ಮಾಡಿದ’ವರ ಹೆಸರು ಅಲ್ಲಿಲ್ಲ. ಮಾಡಿಸಿದವರು ದೊಡ್ಡವರೇ, ಸಂಶಯವಿಲ್ಲ. ಆದರೆ ಅಷ್ಟು ಎತ್ತರದ ಬಂಡೆಯಲ್ಲಿ ಆ ಮುಖದ ಶಾಂತಿಯನ್ನು ಬಿಡಿಸಿದ ಕೈ ಯಾರದು ಎಂದು ಆ ಬರಹ ಓದಿದವರಿಗೆ ತಿಳಿಯುವುದಿಲ್ಲ. ಇನ್ನೊಂದು ಕಡೆ, ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನದೇ ನುಗ್ಗೇಹಳ್ಳಿಗೆ ಹೋಗಿ ನೋಡಿ. 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಸ್ಥಾನದಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ತಾವು ಮಾಡಿದ ಮೂರ್ತಿಗಳಿಗೆ ತಮ್ಮ ಹೆಸರು ಹಾಕಿಕೊಂಡಿದ್ದಾರೆ. ಹೊಯ್ಸಳರ ಕಾಲದಲ್ಲೇ ಕೆಲಸಗಾರ ಹೆಸರು ಹಾಕಬಹುದಿತ್ತು. ಈಗ ನಾವು ಕೆಲಸಗಾರನ ಹೆಸರನ್ನು ಹುಡುಗರನ್ನು ಹೆದರಿಸಲು ಬಳಸುತ್ತಿದ್ದೇವೆ.

ನಾವು ಓದುವುದೂ ಬೇರೆಯೇ. ಕನ್ನಡ ತರಗತಿಯಲ್ಲಿ ಬಸವಣ್ಣನವರ ಕಾಯಕದ ಬಗ್ಗೆ ಪುಟಗಟ್ಟಲೆ ಉತ್ತರ ಬರೆಯುತ್ತೇವೆ. ಹಜ್ರತ್ ದಾವೂದ್ ಅಲೈಹಿಸ್ಸಲಾಮ್ ಕಬ್ಬಿಣದ ಕವಚ ಮಾಡಿ ತಮ್ಮ ಕೈಯ ದುಡಿಮೆ ಉಣ್ಣುತ್ತಿದ್ದರು ಎಂದು ಮದ್ರಸಾದಲ್ಲಿ ಕಲಿಯುತ್ತೇವೆ. ಪ್ರತಿ ವರ್ಷ ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ಇಂಜಿನಿಯರುಗಳ ದಿನ ಬರುತ್ತದೆ. ಭಾರತದಲ್ಲೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲೇ ಯೋಜನೆ ಹಾಕಿದವರು ಅವರು. ಉತ್ತರ ಬರೆದು, ಭಾಷಣ ಮಾಡಿ, ಮಾರನೇ ದಿನ ಮತ್ತೆ ಅದೇ ಮಾತು: ಓದದಿದ್ದರೆ ಗ್ಯಾರೇಜು.

ಇದಕ್ಕೆ ಗುರುಗಳು ಏನು ಹೇಳುತ್ತಾರೆ ಎಂದು ನನಗೆ ಗೊತ್ತು. ಒಬ್ಬ ಸರ್ ಹತ್ತಿರ ಕೇಳಿಯೂ ನೋಡಿದೆ. “ನೋಡಪ್ಪಾ, ನಿಮ್ಮಲ್ಲಿ ಎಷ್ಟೋ ಜನ ನಿಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವರು. ನೀವೂ ಎಂಟನೇ ಕ್ಲಾಸಿಗೇ ಬಿಟ್ಟು ಗ್ಯಾರೇಜು ಸೇರಿಬಿಟ್ಟರೆ ಏನು ಗತಿ ಎಂಬ ಹೆದರಿಕೆಯಿಂದ ಹೇಳೋದು” ಎಂದರು. ಅವರ ಮಾತಿನಲ್ಲಿ ನಿಜವಿದೆ. ನಾನು ಗ್ಯಾರೇಜನ್ನು ಹೊಗಳಿ ಕಾಲೇಜು ಬಿಡಿ ಎನ್ನುತ್ತಿಲ್ಲ. 14 ವರ್ಷದೊಳಗಿನ ಹುಡುಗರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ, ಹಾಗೇ ಇರಬೇಕು. ಮಾಮು ಏಳನೇ ತರಗತಿಗೆ ಶಾಲೆ ಬಿಟ್ಟವರು. ಆ ವಾರದಲ್ಲಿ ಅವರು ಒಮ್ಮೆ ಒಂದು ಇಂಗ್ಲಿಷ್ ಸರ್ವಿಸ್ ಪುಸ್ತಕ ತಂದು ನನ್ನ ಮುಂದೆ ಇಟ್ಟು, “ಹೆಡ್ ಬೋಲ್ಟಿಗೆ ಎಷ್ಟು ಟಾರ್ಕು ಅಂತ ಓದು” ಅಂದರು. ಇಪ್ಪತ್ತು ವರ್ಷದಿಂದ ಕೈಯ ಅಂದಾಜಿನಲ್ಲಿ ಬಿಗಿಯುತ್ತಿದ್ದವರು, ಓದಲು ಒಬ್ಬ ಸಿಕ್ಕಿದನೆಂದು ಅವತ್ತು ಟಾರ್ಕ್ ರೆಂಚನ್ನು ಸಾಲ ತಂದಿದ್ದರು. ನಾನು ಓದಿ ಹೇಳಿದಾಗ ಅವರ ಮುಖ ನೋಡಿದ್ದೇನೆ. ಓದು ಬೇಡ ಎಂದು ನಾನು ಹೇಗೆ ಹೇಳಲಿ?

ನಾನು ಹೇಳುವುದು ಬೇರೆ. ಆ ಹೆದರಿಕೆಯ ಮಾತು ಓದಿಸುವುದಿಲ್ಲ. ಅದು ಎರಡು ಕೆಲಸ ಮಾಡುತ್ತದೆ. ಬೆಂಚಿನಲ್ಲಿ ಕುಳಿತ ಮೆಕ್ಯಾನಿಕ್‌ನ ಮಗನಿಗೆ ‘ನಿನ್ನ ಅಪ್ಪ ಸೋತವನು’ ಎಂದು ಹೇಳುತ್ತದೆ. ನಮ್ಮ ತರಗತಿಯಲ್ಲೇ ಮೆಕ್ಯಾನಿಕ್, ವೆಲ್ಡರ್, ಪೇಂಟರ್, ಪಂಕ್ಚರ್ ಅಂಗಡಿಯವರ ಮಕ್ಕಳು ಎಷ್ಟು ಜನ ಇದ್ದೇವೆ, ಎಣಿಸಿ ನೋಡಿ. ಎರಡನೆಯದು, ನಿಜವಾಗಿಯೂ ಗ್ಯಾರೇಜಿಗೆ ಹೋದ ಹುಡುಗನಿಗೆ ‘ಇನ್ನು ಪುಸ್ತಕ ನಿನಗಲ್ಲ’ ಎಂದು ಬಾಗಿಲು ಹಾಕುತ್ತದೆ. ಹಾಗಾಗಿ ಓದಿದವರು ಗ್ಯಾರೇಜಿನ ಕಡೆ ಬರುವುದಿಲ್ಲ, ಗ್ಯಾರೇಜಿನವರು ಪುಸ್ತಕದ ಕಡೆ ಬರುವುದಿಲ್ಲ. ಇಂಜಿನ್ ಸರಿಮಾಡುವ ವಿದ್ಯೆ ಇದ್ದೂ ಲೆಕ್ಕ ಇಡಲು ಬಾರದೆ ಮಾಮು ವರ್ಷಗಟ್ಟಲೆ 321 ರೂಪಾಯಿಗೆ ದುಡಿಯುತ್ತಾರೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಸಾಲ ಮಳೆಗಾಲಕ್ಕೆ ಅಳಿಸಿಹೋಗುತ್ತದೆ. ನಾವು ಇತ್ತ ‘ವಸೂಲಾಗದ ಸಾಲ’ವನ್ನು ಪುಸ್ತಕದ ಹೆಸರುಗಳ ಮೇಲೆ ಕಳೆಯುತ್ತಾ ಕೂರುತ್ತೇವೆ.

ಕೆಲವರು ‘ಇನ್ನು ಹತ್ತು ವರ್ಷಕ್ಕೆ ಎಲ್ಲ ಕರೆಂಟಿನ ಗಾಡಿ, ಈ ಕೆಲಸವೇ ಇರುವುದಿಲ್ಲ’ ಎನ್ನಬಹುದು. ಇರಲಿ. ಆಗ ಹೊಸದನ್ನು ಕಲಿಯಬೇಕಾದವರು ಯಾರು? ಇದೇ ಮೆಕ್ಯಾನಿಕ್‌ಗಳು. ಅವರಿಗೆ ಆಗ ಓದುವ ಧೈರ್ಯ ಬೇಕು. ‘ನೀನು ಓದದವನು’ ಎಂದು ಜೀವನವಿಡೀ ಹೇಳಿಸಿಕೊಂಡವರಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

ಆದ್ದರಿಂದ ನನ್ನದು ಮೂರು ವಿನಂತಿ.

ಒಂದು, ನಾವೆಲ್ಲ ಈ ಮಾತು ಬಿಡೋಣ. ವಿದ್ಯಾರ್ಥಿಗಳೂ ಬಿಡಬೇಕು. ಎಣ್ಣೆ ಮೆತ್ತಿದ ಬಟ್ಟೆಯಲ್ಲಿ ಬಂದು ಮಗನ ಶುಲ್ಕ ಕಟ್ಟುವವರನ್ನು ಕಂಡು ಕಾರಿಡಾರಿನಲ್ಲಿ ನಗುವುದನ್ನು ನಾನು ನೋಡಿದ್ದೇನೆ. ನಾನೇ ನಕ್ಕಿರಲೂಬಹುದು.

ಎರಡು, ವಾಣಿಜ್ಯ ವಿಭಾಗದಲ್ಲಿ ನಮಗೆ ಕೊಡುವ ಪ್ರಾಜೆಕ್ಟ್ ಕೆಲಸಕ್ಕೆ ದೊಡ್ಡ ಕಂಪನಿಗಳ ವಿಷಯವನ್ನು ಮೊಬೈಲಿನಿಂದ ಇಳಿಸಿ ಬರೆಯುತ್ತೇವೆ. ಅದರ ಬದಲು ಒಬ್ಬೊಬ್ಬರು ಊರಿನ ಒಂದು ಗ್ಯಾರೇಜು, ಲೇತು ಅಥವಾ ಟೈಲರ್ ಅಂಗಡಿಯ ಒಂದು ತಿಂಗಳ ಲೆಕ್ಕ ಬರೆದುಕೊಡೋಣ. ಸಾಮಾನು ಬೇರೆ, ಕೂಲಿ ಬೇರೆ, ಬಾಡಿಗೆ ಬೇರೆ, ಬರಬೇಕಾದ ಬಾಕಿ ಬೇರೆ. ನಮಗೆ ಅಂಕ ಸಿಗುತ್ತದೆ, ಅವರಿಗೆ ತಮ್ಮ ಕೈಯ ಬೆಲೆ ಗೊತ್ತಾಗುತ್ತದೆ.

ಮೂರು, ವರ್ಷಕ್ಕೆ ಒಂದು ದಿನವಾದರೂ ಒಬ್ಬ ಉಸ್ತಾದರನ್ನು ವೇದಿಕೆಗೆ ಕರೆಯೋಣ. ಶಾಲು ಹೊದಿಸುವುದೇನೂ ಬೇಡ. ಮೇಜಿನ ಮೇಲೆ ಒಂದು ಹಳೆಯ ಇಂಜಿನ್ ಇಟ್ಟು, ಬಿಚ್ಚಿ ತೋರಿಸಿ ಎಂದು ಕೇಳಿದರೆ ಸಾಕು. ವಿಜ್ಞಾನದವರಿಗೆ ಶಾಖದ ಪಾಠ, ನಮಗೆ ಸವಕಳಿಯ ಪಾಠ ಒಟ್ಟಿಗೇ ಆಗುತ್ತದೆ.

ಮಾಮುಗೆ ನಾನು ಈಗ ಒಂದು ಬಿಲ್ ಪುಸ್ತಕ ಅಚ್ಚು ಹಾಕಿಸಿ ಕೊಟ್ಟಿದ್ದೇನೆ. ಅದರಲ್ಲಿ ಸಾಮಾನಿಗೆ ಒಂದು ಸಾಲು, ಕೂಲಿಗೆ ಒಂದು ಸಾಲು, ಕೆಳಗೆ ‘ಕೆಲಸ ಮಾಡಿದವರು’ ಎಂದು ಒಂದು ಸಾಲು ಇದೆ. ಮೊದಲ ವಾರ ಅವರು ಆ ಸಾಲನ್ನು ಖಾಲಿ ಬಿಡುತ್ತಿದ್ದರು. “ನನ್ನ ಹೆಸರು ಯಾಕೆ ಬೇಟಾ, ಗಾಡಿ ಓಡಿದರೆ ಆಯ್ತಲ್ಲ” ಎನ್ನುತ್ತಿದ್ದರು. ಈಗ ಬರೆಯುತ್ತಿದ್ದಾರೆ. ಉರ್ದುವಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ಕೂಲಿಯ ಸಾಲನ್ನು ಹೊಡೆದು ಹಾಕಿಸಿದವರು ಕಳೆದ ತಿಂಗಳು ಇಬ್ಬರೇ.

ನಮ್ಮ ಓಮ್ನಿ ಮೊದಲ 1,000 ಕಿಲೋಮೀಟರು ನಿಧಾನವಾಗಿ ಓಡಿ ಪಳಗಿತು. ಹೋದ ವಾರ ಮತ್ತೆ ಶಿರಾಡಿ ಹತ್ತಿ ಬಂದಿದೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ